ಹುಲ್ಲು ಹಸುವಿನ ಬಳಿಗೋ, ಹಸು ಹುಲ್ಲಿನ ಬಳಿಗೋ?

ಸದಸ್ಯ ಬಾಂಧವರಲ್ಲಿ ಕೊಟ್ಟಿಗೆ ಬರಿದು ಮಾಡುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಹಾಲಿನ ದರ ಸಾಲದೆಂಬುದು ಗಂಡಸರು ಹೇಳುವ ಕಾರಣ. ಮನೆಯ ಹೆಂಗಸರನ್ನು ಕೇಳಿದರೆ ನಿಜ ಸಂಗತಿ ತಿಳಿಯುತ್ತದೆ: ಮೈ ಸೋತಿದೆ. ಕರೆಯುವ ಹಸುವೊಂದಕ್ಕೆ ದಿನಕ್ಕೆ 25-30 ಕಿಲೋ ಹಸಿಹುಲ್ಲು ಬೇಕು. ಅದನ್ನು ಕೊಯ್ದು, ಹೊರೆ ಕಟ್ಟಿ, ಜಡಿಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಹೊತ್ತು ತರಬೇಕು. ಸಗಣಿಯಾದ ಮೇಲೆ ಪುನಃ ಬಾಚಿ ಹೊರಗೆ ಹಾಕಬೇಕು. ನಾಲ್ಕು ಕಾಲಿನ ಪ್ರಾಣಿಯನ್ನು ಕಟ್ಟಿಹಾಕಿ ಎರಡು ಕಾಲಿನವರು ಅದರ ಪರವಾಗಿ ನಡೆಯುತ್ತಿದ್ದೇವೆ.

ಹಸು ತಾನೇ ಹೋಗಿ ಮೇಯಲಿ ಎಂಬುದು ನನ್ನ ವಾದ. ಹಿಂದಿನಂತೆ ಕಾಡಿಗೆ ಬಿಡಿ ಎಂದು ಇದರ ಅರ್ಥವಲ್ಲ. ಕಾಡು ಮೇದ ದನ ಉಣುಗನ್ನು ಹೊತ್ತು ತರುತ್ತದೆ; 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಮೇಯಿಸುವುದು ಸ್ವಂತ ಜಾಗದಲ್ಲಿ, ಬೇಲಿಯೊಳಗೆ, ಸರದಿಯಂತೆ ನಡೆಯಬೇಕು. ನಾಟಿ ನಿಲ್ಲಿಸಿ ಹಡ್ಲು ಬಿಟ್ಟ ಗದ್ದೆ ಈಗ ಯಾರ ಮನೆಯಲ್ಲಿಲ್ಲ?

ನ್ಯೂಜಿಲೆಂಡಿನ ಹೈನುಗಾರರು ಹುಲ್ಲುಗಾವಲನ್ನು ತುಂಡುಗಳಾಗಿ ವಿಂಗಡಿಸಿ, ಒಂದನ್ನು ಮೇಯಿಸಿ ಇನ್ನೊಂದಕ್ಕೆ ದಾಟಿಸುತ್ತಾರೆ. ಮೇದ ತುಂಡಿಗೆ ಹುಲ್ಲು ಪುನಃ ಚಿಗುರುವಷ್ಟು ವಾರಗಳ ವಿಶ್ರಾಂತಿ. ನಡುವೆ ವಿದ್ಯುತ್ ಬೇಲಿ. ಹಂದಿ ಕಾಟಕ್ಕೆಂದು ನಾವು ಹಾಕುವ ಸೋಲಾರ್ ಬೇಲಿಯೂ ಅದೇ ಜಾತಿಯದು. ಪಳಗಿದ ಹಸುವಿಗೆ ಒಂದೆರಡು ತಂತಿ ಸಾಕು. (ಮನೆಯ ಕರೆಂಟನ್ನೇ ತಂತಿಗೆ ಕೊಡುವವರೂ ಇದ್ದಾರೆ. ಅದು ಬೇಲಿಯಲ್ಲ, ಕೊಲೆ.)

ಅವರ ಹವೆ ಬೇರೆ, ನಮ್ಮದು ಬೇರೆ, ನಿಜ. ಆಷಾಢದ ಮಳೆಯಲ್ಲಿ ಹಸು ತುಳಿದ ನೆಲ ಕೆಸರಾಗುತ್ತದೆ; ಶಿವರಾತ್ರಿಯ ಹೊತ್ತಿಗೆ ಹುಲ್ಲು ಒಣಗುತ್ತದೆ. ಆದರೆ ಚೌತಿಯಿಂದ ಸಂಕ್ರಾಂತಿಯವರೆಗಿನ ನಾಲ್ಕು ತಿಂಗಳು ಮೇಯಿಸಲು ಅಡ್ಡಿಯೇನು? ಅಡಿಕೆ ಕೊಯ್ಲು, ಕಾಫಿ ಹಣ್ಣು ಬಿಡಿಸುವುದು ಎಲ್ಲವೂ ಒಟ್ಟಿಗೆ ಬಂದು ಆಳಿಗೆ ಬಾಯಿ ಬಿಡುವ ಕಾಲವೂ ಅದೇ.

ತೋಟಕ್ಕೆ ಗೊಬ್ಬರ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ಬೆಳಿಗ್ಗೆ ಕರೆದು ಬಿಟ್ಟು, ಆರು ಗಂಟೆ ಮೇಯಿಸಿ ಕಟ್ಟಿದರೆ ಉಳಿದ ಹದಿನೆಂಟು ಗಂಟೆಯ ಸಗಣಿ, ಗಂಜಲ ಗುಂಡಿಗೇ ಸೇರುತ್ತದೆ. ಹಾಲು ಕೊಂಚ ಇಳಿದೀತು, ಅದರಲ್ಲೂ ಭಾರದ ಎಚ್.ಎಫ್. ಹಸುಗಳಲ್ಲಿ. ಇಳಿಯಲಿ. ಹಸುವನ್ನೇ ಮಾರಿದರೆ ಎಷ್ಟು ಲೀಟರು ಸಿಕ್ಕೀತು?

ಹಡ್ಲು ಗದ್ದೆಯ ನೀರನ್ನು ಮೊದಲು ಬಸಿಯಿರಿ; ಜವಳಿನ ಬಸವನಹುಳುವಿನ ಮೂಲಕ ಈಲಿಯ ಹುಳು ದನಕ್ಕೆ ಹತ್ತುತ್ತದೆ. ಪಶುವೈದ್ಯರನ್ನು ಕೇಳಿ ಜಂತಿನ ಔಷಧಿ ಕುಡಿಸಿ. ಲಂಟಾನ ವಿಷ, ಅದನ್ನು ಬುಡಸಹಿತ ಕಿತ್ತು ತೆಗೆದ ನಂತರವೇ ಹಸು ಒಳಗೆ ಹೋಗಲಿ.