ಊಟ ಬಲ್ಲವಳು

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಶಾಲೆಯಲ್ಲಿದ್ದಾಗ ನಾನೂ ಈ ಗಾದೆಯನ್ನು ಒಂದು ಪುಟದಷ್ಟು ವಿಸ್ತರಿಸಿ ಬರೆದು ಹತ್ತಕ್ಕೆ ಎಂಟು ಅಂಕ ಪಡೆದವಳೇ. ಆದರೆ ಗಾದೆಯಲ್ಲಿ ‘ಬಲ್ಲವನಿಗೆ’ ಎಂದಿದೆಯೇ ಹೊರತು ‘ಬಲ್ಲವಳಿಗೆ’ ಎಂದಿಲ್ಲ ಎಂಬ ಸಂಗತಿ ನನ್ನ ಲಕ್ಷ್ಯಕ್ಕೆ ಬಂದುದು ಕಳೆದ ವರ್ಷ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ. ಅಡಿಗೆ ಬಲ್ಲವಳು ಹೆಣ್ಣು, ಊಟ ಬಲ್ಲವನು ಗಂಡು ಎಂದು ನಮ್ಮ ಹಿರಿಯರು ಕೆಲಸವನ್ನು ಹಂಚಿಕೊಟ್ಟಿರಬೇಕು. ಆ ಹಂಚಿಕೆಯ ಫಲವನ್ನು ಕಾಲೇಜಿನ ಹುಡುಗಿಯರಾದ ನಾವು ಹೇಗೆ ಉಣ್ಣುತ್ತಿದ್ದೇವೆ, ಅಥವಾ ಹೇಗೆ ಉಣ್ಣದೆ ಇದ್ದೇವೆ, ಎಂಬುದೇ ಈ ಲೇಖನದ ವಿಷಯ.

ನಮ್ಮೂರು ಕಾನಸೂರು, ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಹಾದಿಯಲ್ಲಿ ಸಿಗುವ ಊರು. ನಮ್ಮ ಮನೆ ರಸ್ತೆಯಿಂದ ಬಹಳ ಒಳಗೆ, ತೋಟದ ತಲೆಯ ಮೇಲಿದೆ. ಬೆಳಗಿನ ಐದಕ್ಕೆ ಎದ್ದು, ಕೊಟ್ಟಿಗೆಯ ಕೆಲಸದಲ್ಲಿ ಆಯಿಗೆ ಕೈಗೂಡಿಸಿ, ತಮ್ಮನ ಡಬ್ಬಿ ಕಟ್ಟಿ, ಮಿಂದು, ಅರ್ಧ ಲೋಟ ಚಹ ಕುಡಿದು, ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ ನಡೆದು ಬಸ್ಸು ಹಿಡಿಯಬೇಕು. ಕಾವಲಿಯ ಮೇಲಿನ ದೋಸೆ ಬೇಯುವ ಹೊತ್ತಿಗೆ ನಾನು ದಣಪೆ ದಾಟಿರುತ್ತೇನೆ. 2023ರ ಜೂನ್ 11ರಿಂದ ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಬಂದು ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ದೊರಕಿತು. ಅದರಿಂದ ನನ್ನಂತಹ ಎಷ್ಟೋ ಹುಡುಗಿಯರ ಓದು ಉಳಿಯಿತು ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಆದರೆ ಟಿಕೇಟು ಪುಕ್ಕಟೆಯಾದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲವಷ್ಟೆ. ಸಂಜೆ ಮನೆ ಸೇರಿದ ಮೇಲೆ ಪಾತ್ರೆ, ಅಡಿಗೆ. ಅಡಿಕೆಯ ಸುಗ್ಗಿಯಾದರೆ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಸುಲಿಯುವುದು. ಸುಲಿಯುವ ಯಂತ್ರಗಳು ಬಂದಿವೆ, ನಿಜ. ನಮ್ಮದು ಯಂತ್ರ ಕೊಳ್ಳುವಷ್ಟು ದೊಡ್ಡ ತೋಟವಲ್ಲ. ಅಲ್ಲಿಂದ ಎದ್ದ ಮೇಲೆ ಪುಸ್ತಕ. ಇದು ನನ್ನೊಬ್ಬಳ ಕಥೆಯಲ್ಲ. ಬೆಳಗಿನ ಬಸ್ಸಿನಲ್ಲಿ ಕಂಬ ಹಿಡಿದು ನಿಂತ ಹತ್ತು ಹುಡುಗಿಯರನ್ನು ಕೇಳಿದರೆ ಎಂಟು ಮಂದಿ ಇದನ್ನೇ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಹೇಳಿಯಾರು.

ಕಳೆದ ವರ್ಷ ಒಂದು ದಿನ ತರಗತಿಯಲ್ಲಿ ಹಾಜರಿಗೆ ಎದ್ದು ನಿಂತವಳು ಹಾಗೆಯೇ ಕುಸಿದೆನಂತೆ. ಕಣ್ಣು ಬಿಟ್ಟಾಗ ಗೆಳತಿಯರು ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಮರುದಿನ ಆಯಿಯೊಡನೆ ಆಸ್ಪತ್ರೆಗೆ ಹೋದೆ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, “ಹಿಮೋಗ್ಲೋಬಿನ್ 8.6 ಇದೆಯಮ್ಮ. ನಿನ್ನೆ ಏನೇನು ತಿಂದೆ?” ಎಂದು ಕೇಳಿದರು. ಷೇಕ್ಸ್‌ಪಿಯರನ ನಾಟಕಗಳ ಹೆಸರನ್ನು ಸಾಲಾಗಿ ಹೇಳಬಲ್ಲ ನನಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ತಮ್ಮನ ಡಬ್ಬಿಯಲ್ಲಿ ಏನಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು. ಅವರು ನಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಆಯಿಯ ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡಿ, “ನೀವೂ ಒಮ್ಮೆ ರಕ್ತ ಕೊಡಿ” ಎಂದರು. “ಎಂಗೆಂತ ಆಜಿಲ್ಲೆ” ಎಂದು ಆಯಿ ಹಿಂದೆ ಸರಿದರೂ ಅವರು ಬಿಡಲಿಲ್ಲ. ಆಯಿಯದು 7.4 ಬಂದಿತು.

ಆ ಚೀಟಿಯನ್ನು ಹಿಡಿದು ಬೆಂಚಿನ ಮೇಲೆ ಕುಳಿತ ಅರ್ಧ ಗಂಟೆಯಲ್ಲಿ ನಾನು ಕಲಿತಷ್ಟನ್ನು ಮೂರು ವರ್ಷದ ಓದಿನಲ್ಲಿ ಕಲಿತಿಲ್ಲವೆಂದರೆ ಅತಿಶಯೋಕ್ತಿಯಾಗದು. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 8ಕ್ಕಿಂತ ಕೆಳಗಾದರೆ ತೀವ್ರ ರಕ್ತಹೀನತೆ. ಹಾಗಾದರೆ ಇಷ್ಟು ವರ್ಷ ಹೆಡಿಗೆ ಹೊತ್ತವಳು, ನೀರು ಸೇದಿದವಳು, ನನ್ನನ್ನು ಬಸ್ಸಿಗೆ ಕಳಿಸಲೆಂದು ನನಗಿಂತ ಮೊದಲು ಎದ್ದವಳು ರಕ್ತವಿಲ್ಲದೆಯೇ ಇದನ್ನೆಲ್ಲ ಮಾಡುತ್ತಿದ್ದಳೆ? “ನಮ್ಮ ಕಾಲದಲ್ಲಿ ಇದಕ್ಕಿಂತ ಕಷ್ಟಪಟ್ಟಿದ್ದೇವೆ, ನಮಗೇನೂ ಆಗಲಿಲ್ಲ” ಎಂದು ಹಿರಿಯ ಹೆಂಗಸರು ಹೇಳುವುದುಂಟು. ಆಗಿರಲಿಲ್ಲವೆಂದಲ್ಲ, ಅಳೆದಿರಲಿಲ್ಲ ಎಂಬುದು ನನಗೆ ಅಂದು ತಿಳಿಯಿತು.

ಇದು ಒಂದು ಮನೆಯ ದೌರ್ಭಾಗ್ಯವೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಅಂದರೆ ನಮ್ಮ ತರಗತಿಯ ಒಂದು ಬೆಂಚಿನಲ್ಲಿ ನಾಲ್ವರು ಕುಳಿತಿದ್ದರೆ ಅವರಲ್ಲಿ ಇಬ್ಬರು ಎಂದು ಲೆಕ್ಕ ಹಿಡಿಯಬಹುದು. ಪಾಠದ ನಡುವೆ ಆಕಳಿಸುವವಳನ್ನು ನಾವು ಸೋಮಾರಿ ಎನ್ನುತ್ತೇವೆ, ಓದಿದ್ದು ತಲೆಗೆ ಹತ್ತದವಳನ್ನು ದಡ್ಡಿ ಎನ್ನುತ್ತೇವೆ, ಮೆಟ್ಟಿಲು ಹತ್ತಿ ಏದುಸಿರು ಬಿಡುವವಳನ್ನು ನಾಜೂಕಿನವಳು ಎಂದು ಹಾಸ್ಯ ಮಾಡುತ್ತೇವೆ. ಬುದ್ಧಿಗೂ ರಕ್ತಕ್ಕೂ ಇರುವ ನಂಟನ್ನು ಯಾರೂ ನೆನೆಯುವುದಿಲ್ಲ.

ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1928ರಲ್ಲಿ ಕೇಂಬ್ರಿಜ್‌ನ ಎರಡು ಮಹಿಳಾ ಕಾಲೇಜುಗಳಲ್ಲಿ ಉಪನ್ಯಾಸ ಕೊಟ್ಟಳು. ಅದು ಮರುವರ್ಷ ಪುಸ್ತಕವಾಯಿತು. ಹೆಣ್ಣು ಬರೆಯಬೇಕಾದರೆ ಸ್ವಂತದ್ದೊಂದು ಕೋಣೆಯೂ ಸ್ವಲ್ಪ ಹಣವೂ ಬೇಕೆಂಬ ಅವಳ ವಾದ ಪ್ರಸಿದ್ಧವಾಗಿದೆ. ಆದರೆ ಅದೇ ಪುಸ್ತಕದಲ್ಲಿ ಅವಳು ಗಂಡಸರ ಕಾಲೇಜಿನ ಪುಷ್ಕಳವಾದ ಊಟವನ್ನೂ ಹೆಂಗಸರ ಕಾಲೇಜಿನ ಬಡ ಊಟವನ್ನೂ ಎದುರುಬದುರಾಗಿ ಇಟ್ಟು ತೋರಿಸಿದ್ದನ್ನು ನಾವು ಗಮನಿಸುವುದಿಲ್ಲ. ಊಟ ಸಣ್ಣದಾದರೆ ವಿಚಾರವೂ ಸಣ್ಣದಾಗುತ್ತದೆ ಎಂಬುದು ಅವಳ ಅಭಿಪ್ರಾಯ. ಅಷ್ಟು ದೂರದ ಆ ಕಾಲೇಜಿನ ಊಟದ ಮನೆಗೂ ಕಾನಸೂರಿನ ನಮ್ಮ ಅಡಿಗೆಮನೆಗೂ ಇಷ್ಟೊಂದು ಹತ್ತಿರದ ಸಂಬಂಧವಿದೆಯೆಂದು ನಾನು ಎಣಿಸಿರಲಿಲ್ಲ.

ಈಗ ‘ನಿನ್ನನ್ನು ನೀನು ನೋಡಿಕೊ’ ಎಂಬ ಉಪದೇಶಕ್ಕೇನೂ ಕೊರತೆಯಿಲ್ಲ. ಮೊಬೈಲು ತೆರೆದರೆ ಸಾಕು, ಮುಖಕ್ಕೆ ಈ ಲೇಪ, ಕೂದಲಿಗೆ ಆ ಎಣ್ಣೆ, ಮನಸ್ಸಿಗೆ ಸುಗಂಧದ ಮೇಣದಬತ್ತಿ ಎಂದು ಸಾಲು ಸಾಲಾಗಿ ಬರುತ್ತವೆ. ನಾನು ಅಲಂಕಾರದ ವೈರಿಯಲ್ಲ. ಆದರೆ ಕೆನ್ನೆಯ ಕೆಂಪನ್ನು ಡಬ್ಬಿಯಿಂದ ತರುವ ಮೊದಲು ರಕ್ತದಿಂದ ತರಲು ಸಾಧ್ಯವೇ ಎಂದು ನೋಡಬೇಡವೆ? ಅದಕ್ಕೆ ಬೇಕಾದುದು ನಮ್ಮ ಹಿತ್ತಿಲಲ್ಲಿಯೇ ಇದೆ. ಹರಿವೆ, ನುಗ್ಗೆಸೊಪ್ಪು, ಎಳ್ಳು, ಕಾಳುಗಳಲ್ಲಿ ಕಬ್ಬಿಣವಿದೆ. ಜೊತೆಗೆ ನೆಲ್ಲಿಕಾಯಿಯನ್ನೋ ಲಿಂಬೆಯನ್ನೋ ಸೇರಿಸಿದರೆ ಆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೆ ಚಹ ಕುಡಿದರೆ ಹತ್ತುವುದಿಲ್ಲ. ಆದುದರಿಂದ ಚಹವನ್ನು ಊಟದಿಂದ ಒಂದು ಗಂಟೆಯಾದರೂ ದೂರವಿಡಬೇಕು. ಕೊರತೆ ಹೆಚ್ಚಾಗಿದ್ದರೆ ಸೊಪ್ಪು ಸಾಲದು, ಗುಳಿಗೆ ಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಅದನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಗುಳಿಗೆ ತಿಂದಾಗ ಸ್ವಲ್ಪ ಓಕರಿಕೆ ಬಂದೀತು, ಮಲ ಕಪ್ಪಾದೀತು. ಅದಕ್ಕೆ ಹೆದರಿ ಗಟಾರಕ್ಕೆ ಎಸೆಯಬಾರದು. ನಾನೂ ಮೊದಲ ವಾರ ಎಸೆದವಳೇ ಆದುದರಿಂದ ಇದನ್ನು ಹೇಳುವ ಅಧಿಕಾರ ನನಗಿದೆ.

ಇನ್ನೊಂದು ಸಂಗತಿಯನ್ನು ಬರೆಯಲು ಸಂಕೋಚವಾಗುತ್ತದೆ. ಸಂಕೋಚವಾಗುತ್ತದೆ ಎಂಬ ಕಾರಣಕ್ಕೇ ಬರೆಯಬೇಕಾಗಿದೆ. ದಿನವಿಡೀ ಹೊರಗಿರುವ ಹುಡುಗಿಯರಲ್ಲಿ ಅನೇಕರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ, ಕುಡಿದರೆ ಹೋಗಬೇಕಾಗುತ್ತದೆ, ಹೋದಲ್ಲಿ ಅಗಳಿ ಇರುವುದಿಲ್ಲ ಅಥವಾ ನೀರು ಇರುವುದಿಲ್ಲ. ಬಸ್ ನಿಲ್ದಾಣವಿರಲಿ, ಪೇಟೆಯಿರಲಿ, ಇದೇ ಪಾಡು. ಇದರಿಂದ ಮೂತ್ರದ ಉರಿ, ಸೋಂಕು ಎಷ್ಟು ಮಂದಿಗೆ ಬರುತ್ತದೆಂಬುದು ಹುಡುಗಿಯರ ಪಿಸುಮಾತಿನಲ್ಲಿ ಮಾತ್ರ ದಾಖಲಾಗಿದೆ. ತಿಂಗಳಿನ ಆ ದಿನಗಳ ಕಷ್ಟವೂ ಹಾಗೆಯೇ. ಹಿಂದೆ ಮೂರು ದಿನ ‘ಹೊರಗೆ’ ಕೂರಿಸುತ್ತಿದ್ದುದು ಹೆಂಗಸಿಗೆ ವಿಶ್ರಾಂತಿ ಕೊಡಲಿಕ್ಕೆ ಎಂದು ಈಗ ಕೆಲವರು ಸಮರ್ಥಿಸುವುದನ್ನು ಕೇಳಿದ್ದೇನೆ. ನಾನು ನಮ್ಮ ಅಜ್ಜಿಯನ್ನೇ ಕೇಳಿದೆ. ಅಜ್ಜಿ ನಕ್ಕು, “ಒಳಗಿನ ಕೆಲಸ ಇರಲಿಲ್ಲ, ನಿಜ, ಸೊಪ್ಪು ತರಲು, ಕಟ್ಟಿಗೆ ತರಲು, ಸಗಣಿ ಬಾಚಲು ಅಡ್ಡಿ ಇರಲಿಲ್ಲ” ಎಂದಳು. ಹೊರಗೆ ಕೂರಿಸುವ ಪದ್ಧತಿ ನಮ್ಮ ಮನೆಯಲ್ಲಿ ಈಗಿಲ್ಲ, ಒಳ್ಳೆಯದೇ ಆಯಿತು. ಆದರೆ ವಿಶ್ರಾಂತಿ ಎಂಬುದು ಅಂದೂ ಇರಲಿಲ್ಲ, ಇಂದೂ ಬಂದಿಲ್ಲ.

ಇಷ್ಟು ಗಾದೆಯ ಮೊದಲರ್ಧದ ಮಾತಾಯಿತು. ಉಳಿದುದು ‘ಮಾತು ಬಲ್ಲ’ ಸಂಗತಿ.

ದೇಹದ ಹಸಿವನ್ನಾದರೂ ರಕ್ತ ಪರೀಕ್ಷೆಯಿಂದ ಅಳೆಯಬಹುದು. ಮನಸ್ಸಿನದನ್ನು ಅಳೆಯುವ ಚೀಟಿ ಇಲ್ಲ. ನನ್ನ ಸಹಪಾಠಿಯೊಬ್ಬಳು ಎರಡನೆಯ ವರ್ಷದಲ್ಲಿ ನಿಧಾನವಾಗಿ ಮೌನವಾದಳು. ಮೊದಲು ಹಾಡುವುದನ್ನು ಬಿಟ್ಟಳು, ಅನಂತರ ನಗುವುದನ್ನು, ಕೊನೆಗೆ ಕಾಲೇಜಿಗೆ ಬರುವುದನ್ನು. ಮನೆಯಲ್ಲಿ ಗಂಡಿನ ಕಡೆಯವರು ನೋಡಲು ಬರುತ್ತಿದ್ದರೆಂದೂ, ರಾತ್ರಿ ಅವಳಿಗೆ ನಿದ್ರೆ ಬರುತ್ತಿರಲಿಲ್ಲವೆಂದೂ ನಮಗೆ ಆಮೇಲೆ ತಿಳಿಯಿತು. ಅವಳ ಪಕ್ಕದಲ್ಲಿ ಒಂದೂವರೆ ವರ್ಷ ಕುಳಿತವಳು ನಾನು. “ಏನಾಗಿದೆ?” ಎಂದು ನಾನು ಕೇಳಿದ್ದು ಒಂದೇ ಸಲ, ಅವಳು “ಏನಿಲ್ಲ” ಎಂದಳು, ನಾನು ಅಷ್ಟಕ್ಕೆ ಸಮಾಧಾನಪಟ್ಟುಕೊಂಡೆ. ಆಯಿಯ “ಎಂಗೆಂತ ಆಜಿಲ್ಲೆ”ಗೂ ಇವಳ “ಏನಿಲ್ಲ”ಕ್ಕೂ ವ್ಯತ್ಯಾಸವಿಲ್ಲವೆಂದು ಈಗ ತೋರುತ್ತದೆ. ಎರಡನ್ನೂ ನಂಬಬಾರದಿತ್ತು.

ಹೆಣ್ಣಿನ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದು ದೆವ್ವದ ಕಾಟವೂ ಅಲ್ಲ, ಹಟವೂ ಅಲ್ಲ ಎಂಬುದನ್ನು ಕನ್ನಡದಲ್ಲಿ ಕಾದಂಬರಿಯ ಮೂಲಕ ಮನೆಮನೆಗೆ ಮುಟ್ಟಿಸಿದವರು ತ್ರಿವೇಣಿಯವರು. 1963ರಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷವೂ ತುಂಬಿರಲಿಲ್ಲ. ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಿತ್ರವಾಗಿಸಿದರು. ಅದರ ಕಾವೇರಿಯ ಮನಸ್ಸನ್ನು ಕಾಯಿಲೆ ಒಮ್ಮೆ ಕೆಡಿಸಿತು. ಗುಣವಾಗಿ ಮನೆಗೆ ಬಂದ ಮೇಲೆ ಸುತ್ತಲಿನವರ ನೋಟ ಮತ್ತೊಮ್ಮೆ ಕೆಡಿಸಿತು. ಆ ನೋಟ ಇಂದಿಗೂ ಪೂರಾ ಹೋಗಿಲ್ಲ. ಆದರೆ ದಾರಿ ಮಾತ್ರ ಹತ್ತಿರವಾಗಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಎಂಬ ಸಹಾಯವಾಣಿಗೆ 14416 ಸಂಖ್ಯೆಯಿಂದ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳು ಇಂದು ನಮ್ಮೊಡನೆ ಇದೇ ಸಂಚಿಕೆಗೆ ಬರೆಯುತ್ತಿದ್ದಳೋ ಏನೋ.

ಇದನ್ನೆಲ್ಲ ಓದಿ ಕೆಲವರು, “ಹೆಣ್ಣು ತನ್ನ ಊಟ, ತನ್ನ ನಿದ್ದೆ, ತನ್ನ ಮನಸ್ಸು ಎಂದು ಕುಳಿತರೆ ಸಂಸಾರ ನಡೆದೀತೆ? ಇದು ಸ್ವಾರ್ಥವಲ್ಲವೆ?” ಎಂದು ಕೇಳಿಯಾರು. ಈ ಪ್ರಶ್ನೆಯನ್ನು ನಾನೂ ನನ್ನಲ್ಲಿ ಕೇಳಿಕೊಂಡಿದ್ದೇನೆ, ಏಕೆಂದರೆ ಅದರಲ್ಲಿ ಒಂದು ನಿಜವಿದೆ. ನಾನು ಬೆಳಿಗ್ಗೆ ಕುಳಿತು ದೋಸೆ ತಿಂದರೆ ಕೊಟ್ಟಿಗೆಯ ಕೆಲಸ ಆಯಿಯ ಮೇಲೆ ಬೀಳುತ್ತದೆ. ನಾನು ಹತ್ತಕ್ಕೆ ಮಲಗಿದರೆ ನನ್ನ ಪಾಲಿನ ಅಡಿಕೆ ಅವಳ ಮುಂದೆ ರಾಶಿಯಾಗುತ್ತದೆ. 8.6ರವಳು ಸುಧಾರಿಸಿಕೊಳ್ಳಲು 7.4ರವಳು ದುಡಿಯಬೇಕಾದರೆ ಅದು ಖಂಡಿತ ಸ್ವಾರ್ಥವೇ ಸರಿ. ಆದರೆ ಮನೆಯಲ್ಲಿ ಕೈಗಳಿರುವುದು ನಮ್ಮಿಬ್ಬರಿಗೆ ಮಾತ್ರವೆ? 2019ರ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಹೆಣ್ಣಿನ ಆರೋಗ್ಯದ ಔಷಧಿ ಅರ್ಧದಷ್ಟು ಆಸ್ಪತ್ರೆಯಲ್ಲಿದ್ದರೆ ಇನ್ನರ್ಧ ಈ ಎರಡು ಸಂಖ್ಯೆಗಳ ನಡುವೆ ಇದೆ.

ನಮ್ಮ ಮನೆಯಲ್ಲಿ ನಡೆದುದನ್ನು ಹೇಳಿ ಮುಗಿಸುತ್ತೇನೆ. ಆಸ್ಪತ್ರೆಯಿಂದ ಬಂದ ರಾತ್ರಿ ಎರಡೂ ಚೀಟಿಗಳನ್ನು ಊಟದ ಹೊತ್ತಿನಲ್ಲಿ ಅಪ್ಪನ ಮುಂದೆ ಇಟ್ಟೆ. ಎಲ್ಲರೂ ಒಟ್ಟಿಗೆ ಉಣ್ಣಬೇಕು, ತಮ್ಮ ತನ್ನ ಡಬ್ಬಿಯನ್ನು ತಾನೇ ಕಟ್ಟಿಕೊಳ್ಳಬೇಕು, ಪಾತ್ರೆ ತೊಳೆಯಬೇಕು ಎಂದೆ. ಜಗಳವಾಯಿತು. ಎರಡು ದಿನ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದ. ಆಯಿಯೇ “ನಿಂಗೆಂತಕ್ಕೆ ಬೇಕಿತ್ತು” ಎಂದು ಗದರಿದಳು. ಮೂರನೆಯ ದಿನ ಬೆಳಿಗ್ಗೆ ತಮ್ಮ ಒಲೆಯ ಮುಂದೆ ನಿಂತು ಒಂದು ದೋಸೆಯನ್ನು ಸುಟ್ಟು ಕರಿ ಮಾಡಿದ. ಎರಡನೆಯದು ತಿನ್ನುವಂತಿತ್ತು, ನಾನು ಕುಳಿತು ತಿಂದೆ. ಈಗ ನನ್ನ ಹಿಮೋಗ್ಲೋಬಿನ್ 11 ದಾಟಿದೆ. ಆಯಿಯದು 9ಕ್ಕೆ ಬಂದಿದೆ. ಅವಳು ಇನ್ನೂ ಎಲ್ಲರೂ ಬಡಿಸಿಕೊಂಡ ಮೇಲೆಯೇ ಎಲೆಯ ಮುಂದೆ ಕೂರುತ್ತಾಳೆ, ಆದರೆ ಕೂರುತ್ತಾಳೆ.

ಸೋದರಿಯರೇ, ನಾನು ನಿಮಗೆ ದೊಡ್ಡ ವ್ರತಗಳನ್ನೇನೂ ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿರಿ. ಹೋಗುವಾಗ ತಾಯಿಯನ್ನೂ ಕರೆದುಕೊಂಡು ಹೋಗಿರಿ. ಬೆಂಚಿನ ಪಕ್ಕದವಳು “ಏನಿಲ್ಲ” ಎಂದರೆ ಎರಡನೆಯ ಸಲ ಕೇಳಿರಿ. ಅಗಳಿ ಇಲ್ಲದ ಬಾಗಿಲನ್ನು ಕಂಡರೆ ಪಿಸುಗುಟ್ಟದೆ ಅರ್ಜಿ ಬರೆಯಿರಿ. ಊಟ ಬಲ್ಲವಳಿಗೆ ರೋಗ ಕಡಿಮೆಯಾದೀತು ಎಂಬುದಕ್ಕೆ ನಾನೇ ಸಾಕ್ಷಿ. ಮಾತು ಬಲ್ಲವಳಿಗೆ ಜಗಳವಿಲ್ಲ ಎಂದು ಮಾತ್ರ ನಾನು ಹೇಳಲಾರೆ. ಜಗಳ ಇದೆ. ಎರಡು ದಿನ ಇರುತ್ತದೆ. ಮೂರನೆಯ ದಿನ ಯಾರೋ ಒಬ್ಬರು ಕಾವಲಿಗೆ ಹಿಟ್ಟು ಹೊಯ್ಯುತ್ತಾರೆ.

— ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಕಾನಸೂರು