ಖಳನಿಗೂ ಒಂದು ಕಥೆ ಬೇಕು

ಜಪಾನಿನ 'ಡೀಮನ್ ಸ್ಲೇಯರ್' ಅನಿಮೆಯ ಅಕಾಜ ಹುಟ್ಟು ರಾಕ್ಷಸನಲ್ಲ. ಕಾಯಿಲೆಬಿದ್ದ ಅಪ್ಪನ ಔಷಧಿಗಾಗಿ ಕಳ್ಳತನಕ್ಕಿಳಿದ ಹುಡುಗ. ಇಂಥ ಖಳರನ್ನು ಮೆಚ್ಚುವುದು ಪರದೇಶದ ಹುಚ್ಚು ಎನ್ನುವವರು ನಮ್ಮ ನೆಲವನ್ನೇ ಮರೆತಿದ್ದಾರೆ. ಗಂಗಾವತಿಯ ಆನೆಗೊಂದಿ ಸೀಮೆಯನ್ನು ಕಿಷ್ಕಿಂಧೆಯೆಂದು ನಂಬಿದ ನಾಡಿದು. ವಾಲಿ ತಮ್ಮನ ಹೆಂಡತಿಯನ್ನು ಕಸಿದವನೂ ಹೌದು, ಮರೆಯಿಂದ ಬಂದ ಬಾಣಕ್ಕೆ ನ್ಯಾಯ ಕೇಳಿದವನೂ ಹೌದು. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದ ತೊಗಲುಗೊಂಬೆಯಾಟದಲ್ಲಿ ರಾಮನಿಗೂ ರಾವಣನಿಗೂ ಪರದೆಯ ಹಿಂದಿನಿಂದ ದನಿ ಕೊಡುವವರು ಅದೇ ಮನೆಯವರು.

ಖಳನ ನೋವು ತೋರಿಸಿದರೆ ಅವನ ಪಾಪಕ್ಕೆ ಮಾಫಿ ಸಿಕ್ಕಂತೆ ಎಂಬ ಆಕ್ಷೇಪ ಹಗುರವಾದದ್ದಲ್ಲ, ಅದೂ ಹದಿಹರೆಯದವರು ನೋಡುವ ಕಥೆಯಲ್ಲಿ. ಆದರೆ ಜೈನ ಕವಿ ನಾಗಚಂದ್ರನ ರಾವಣನನ್ನು ನೋಡಿ. ಸೀತೆಯ ಸಂಕಟ ಕಂಡು ಕರಗುತ್ತಾನೆ, ಆದರೂ ಯುದ್ಧ ಗೆದ್ದ ಮೇಲೆಯೇ ಒಪ್ಪಿಸುವೆನೆನ್ನುತ್ತಾನೆ. ಆ ಹಮ್ಮೇ ಅವನನ್ನು ಲಕ್ಷ್ಮಣನ ಕೈಯಲ್ಲಿ ಕೊಲ್ಲಿಸುತ್ತದೆ. ಅಕಾಜನೂ ಉಳಿಯುವುದಿಲ್ಲ. ಹಿನ್ನೆಲೆ ತಿಳಿದದ್ದರಿಂದ ಶಿಕ್ಷೆ ತಪ್ಪಲಿಲ್ಲ, ಮನುಷ್ಯ ಎಲ್ಲಿ ದಾರಿ ತಪ್ಪಿದ ಎಂಬುದು ಕಂಡಿತು. ಕಾರಣವೇ ಇಲ್ಲದೆ ಕೆಟ್ಟವನಾದ ಖಳ ಆ ಜಾಗವನ್ನು ಮುಚ್ಚಿಡುತ್ತಾನೆ. ಕುಷ್ಟಗಿ, ಯಲಬುರ್ಗಾದ ಶಾಲೆಗಳಲ್ಲಿ ಅಕಾಜನ ಪಕ್ಕದಲ್ಲೇ ಈ ರಾವಣನನ್ನೂ ಇಟ್ಟು ಮಕ್ಕಳನ್ನು ಮಾತಿಗೆಳೆಯಬೇಕು.