ಶಾಟ್ ಟೈಮರ್ ಯಾರಿಗೆ ಬೇಕು ಸ್ವಾಮಿ?

ಶೂಟಿಂಗ್ ಕಲೀಬೇಕು ಅಂತ ಹೊರಟ ಹುಡುಗರು ನನ್ನನ್ನು ಮೊದಲು ಕೇಳೋದು, "ಅಣ್ಣಾ, ಯಾವ ಶಾಟ್ ಟೈಮರ್ ತಗೊಳ್ಳಲಿ?" ಅಂತ. ಗುರಿ ಹಿಡಿಯೋದು ಹೇಗೆ ಅಂತಲ್ಲ, ಟ್ರಿಗರ್ ಒತ್ತೋದು ಹೇಗೆ ಅಂತಲೂ ಅಲ್ಲ. ಎಲ್ಲರೂ ಹೊರದೇಶದ ವಿಡಿಯೋ ನೋಡಿರುತ್ತಾರೆ. ಸೊಂಟದ ಮೇಲಿನ ಪುಟ್ಟ ಪೆಟ್ಟಿಗೆ 'ಬೀಪ್' ಅನ್ನುತ್ತೆ, ಆಸಾಮಿ ಪಿಸ್ತೂಲು ಎಳೆದು ಢಂಢಂ ಅನ್ನಿಸ್ತಾನೆ. ಮೊದಲ ಗುಂಡಿಗೆ ಎಷ್ಟು ಸೆಕೆಂಡ್, ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಅಂತ ಪೆಟ್ಟಿಗೆ ತೋರಿಸುತ್ತೆ. ಅದನ್ನು ಕೊಂಡರೆ ತಾನೂ ಶೂಟರ್ ಆದೆ ಅಂತ ಹುಡುಗನಿಗೆ ಅನ್ನಿಸಿಬಿಡುತ್ತೆ. ನನ್ನ ಉತ್ತರ ಒಂದೇ: ನಿನಗೆ ಅದು ಬೇಡ.

ಲೆಕ್ಕ ನೋಡಿ. ನಮ್ಮಲ್ಲಿ ಹೆಚ್ಚಿನವರು ಶುರು ಮಾಡೋದು 10 ಮೀಟರ್ ಏರ್ ರೈಫಲ್ ಇಲ್ಲವೇ ಏರ್ ಪಿಸ್ತೂಲ್‌ನಿಂದ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ ಅರ್ಹತಾ ಸುತ್ತಿನಲ್ಲಿ 60 ಗುಂಡಿಗೆ 75 ನಿಮಿಷ. ಒಂದಕ್ಕೆ ಒಂದೂಕಾಲು ನಿಮಿಷ! ಇದಕ್ಕೆ ಗೋಡೆ ಗಡಿಯಾರ ಸಾಲದೇ? 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಆದರೆ ಮಾತು ಬೇರೆ. ಅಲ್ಲಿ ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡ್, ಆಮೇಲೆ 6, ಕೊನೆಗೆ 4. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಆ ಮಟ್ಟಕ್ಕೆ ಹೋಗುವವರಿಗೆ ಕಾಲದ ಲೆಕ್ಕ ಬೇಕೇಬೇಕು.

"ಫೋನಲ್ಲೇ ಆ್ಯಪ್ ಇದೆಯಲ್ಲ" ಅನ್ನೋರಿಗೂ ಒಂದು ಮಾತು. ಇದು ನನ್ನ ಕಸುಬಿನ ವಿಷಯ. ಫೋನಿನ ಮೈಕ್ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆಯಬಲ್ಲದು, ಹಾಗಾಗಿ ಸಮಯದ ಸೂಕ್ಷ್ಮತೆ ಸಮಸ್ಯೆಯಲ್ಲ. ಆದರೆ ಅದನ್ನು ಮಾಡಿರೋದು ಮನುಷ್ಯರ ಮಾತು ಕೇಳಿಸಿಕೊಳ್ಳೋಕೆ. ಗದ್ದಲ ತಗ್ಗಿಸುವ ಸಾಫ್ಟ್‌ವೇರ್ ಬೇರೆ ಒಳಗೆ ಕೂತಿರುತ್ತೆ. ಗುಂಡಿನ ಸದ್ದಿಗೆ ಮೈಕ್ ತುಂಬಿಹೋಗುತ್ತೆ, ಗೋಡೆಗೆ ಬಡಿದು ಬಂದ ಪ್ರತಿಧ್ವನಿಯನ್ನು ಎರಡನೇ ಗುಂಡು ಅಂತ ಎಣಿಸಬಹುದು, ಏರ್ ಗನ್‌ನ ಮೆಲುಸದ್ದು ಕೇಳದೆಯೂ ಇರಬಹುದು. ಬೀಪ್ ಕೊಡೋಕೆ ಫೋನ್ ಸಾಕು, ಗುಂಡು ಎಣಿಸೋಕೆ ನಂಬಬೇಡಿ. ಖಾಲಿ ಗನ್ನಿನ ಅಭ್ಯಾಸಕ್ಕೆ ಎಣಿಕೆಯೇ ಬೇಡ. ಶುರುವಿಗೊಂದು, ಕೊನೆಗೊಂದು ಬೀಪ್ ಆದರಾಯ್ತು. ಪುಕ್ಕಟೆ ಕೆಲಸ.

ನಿಜಕ್ಕೂ ಟೈಮರ್ ಬೇಕಾದವರು ಬ್ರ್ಯಾಂಡ್ ನೋಡಬೇಡಿ, ಪರೀಕ್ಷೆ ಮಾಡಿ. ರೇಂಜಿಗೆ ಒಯ್ದು ಐದು ಗುಂಡು ಹಾರಿಸಿ, ಐದೇ ತೋರಿಸಬೇಕು. ನೀವು ಸುಮ್ಮನಿದ್ದು ಪಕ್ಕದವನು ಹಾರಿಸಿದಾಗ ಸೊನ್ನೆ ತೋರಿಸಬೇಕು. ಅದಕ್ಕೆ ಮೈಕಿನ ಸೂಕ್ಷ್ಮತೆಯನ್ನು ಹೆಚ್ಚು ಕಮ್ಮಿ ಮಾಡುವ ಅವಕಾಶ ಇರಲೇಬೇಕು. ಶುರುವಿನ ಬೀಪ್ ಪ್ರತಿಸಲ ಬೇರೆ ಬೇರೆ ಹೊತ್ತಿಗೆ ಬರಬೇಕು. ಇಲ್ಲದಿದ್ದರೆ ಕೈ ಮೊದಲೇ ಊಹಿಸಿ ಹೊರಡುತ್ತೆ, ಅಂಕಿ ಸುಳ್ಳಾಗುತ್ತೆ. ಕಿವಿಗೆ ರಕ್ಷಣೆ ಹಾಕಿದ ಮೇಲೂ ಬೀಪ್ ಕೇಳಬೇಕು. ಇಷ್ಟಿದ್ದರೆ ಅಗ್ಗದ್ದೇ ಸಾಕು. ಬಣ್ಣದ ಪರದೆ, ಬ್ಲೂಟೂತ್ ಎಲ್ಲ ಅಂಗಡಿಯವರ ಹೊಟ್ಟೆಪಾಡು.

ನನ್ನ ತಕರಾರು ದುಡ್ಡಿನದ್ದಷ್ಟೇ ಅಲ್ಲ. ಯಾವುದನ್ನು ಅಳೀತೀವೋ ಅದೇ ಬೆಳೆಯೋದು. ಎಷ್ಟು ಬಗ್ ಮುಚ್ಚಿದೆ ಅಂತ ಎಣಿಸುವ ಆಫೀಸುಗಳಲ್ಲಿ ಬಗ್ ಮುಚ್ಚುವವರೇ ಹುಟ್ಟಿಕೊಳ್ತಾರೆ, ಕೋಡ್ ಮಾತ್ರ ಹಳ್ಳ ಹಿಡಿದಿರುತ್ತೆ. ಟೈಮರ್‌ಗೆ ಸದ್ದು ಕೇಳುತ್ತೆ, ಗುಂಡು ಎಲ್ಲಿಗೆ ಹೋಯ್ತು ಅನ್ನೋದು ಗೊತ್ತಿಲ್ಲ. ಗುರಿ ನೆಡದ ಹುಡುಗನ ಕೈಗೆ ಅದನ್ನು ಕೊಟ್ಟರೆ ಅವನು ಬೇಗ ಬೇಗ ತಪ್ಪುವುದನ್ನು ಕಲೀತಾನೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸ್ತಾರೆ. ಅಲ್ಲಿ ಕೇಳೋದು ಕಾಯಿ ಒಡೀತೋ ಇಲ್ಲವೋ ಅಂತ.

ನಮ್ಮ ತೆರಕಣಾಂಬಿ ಕಡೆಗೂ ಈ ವಿಡಿಯೋಗಳು ಬಂದಿವೆ. ಅದೇ ನನ್ನ ನಿಜವಾದ ಭಯ. ಬಂಡೀಪುರದ ಕಾಡಂಚಿನ ಗುಂಡ್ಲುಪೇಟೆ ಸೀಮೆಯಲ್ಲಿ ಬಂದೂಕು ಆಟದ ಸಾಮಾನಲ್ಲ. ಬೆಳೆ ರಕ್ಷಣೆಗೆ ಅಂತ ಪರವಾನಗಿ ಪಡೆದ ಒಂಟಿ ನಳಿಕೆಯದು, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರಬೇಕಾದ್ದು. ರಾತ್ರಿ ಜೋಳದ ಹೊಲದಲ್ಲಿ ಸರಸರ ಸದ್ದಾದರೆ ಹಂದಿಯೇ ಆಗಿರಬೇಕಿಲ್ಲ. ನೀರು ಕಟ್ಟೋಕೆ ಬಂದ ಪಕ್ಕದ ಹೊಲದವನೂ ಇರಬಹುದು. ಹಂದಿಯೇ ಆದರೂ ಅನುಮತಿ ಇಲ್ಲದೆ ಹೊಡೆದರೆ ಅರಣ್ಯ ಇಲಾಖೆಯ ಕೇಸು. ನಮ್ಮ ದೊಡ್ಡಪ್ಪ ಹೇಳೋರು: "ಬ್ಯಾಗ ಹೊಡಿಯದು ದೊಡ್ಡದಲ್ಲ ಕಪ್ಪಾ, ಯಾವ್ದ್ಕ ಹೊಡಿತಾ ಇದ್ದೀವಿ ಅಂತ ಮೊದ್ಲು ಕಾಣ್ಬೇಕು." ಅವರ ಬಂದೂಕು ಹೆಚ್ಚಾಗಿ ಆಕಾಶಕ್ಕೇ ಸದ್ದು ಮಾಡಿದ್ದು.

ಹಾಗಾಗಿ ಊರಿನ ತಮ್ಮಂದಿರೇ, ಕ್ರೀಡೆಯಾಗಿ ಕಲಿಯೋದಾದರೆ ಬನ್ನಿ, ಕೋಚ್ ಇರುವ ರೇಂಜಿಗೆ ಸೇರಿ. ಟೈಮರ್‌ಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಪೆಲೆಟ್ ಡಬ್ಬಿ, ಕಾಗದದ ಟಾರ್ಗೆಟ್ ತಗೊಳ್ಳಿ. ಒಂದು ವರ್ಷದ ಟಾರ್ಗೆಟ್ ಹಾಳೆಗಳನ್ನು ತಾರೀಖು ಬರೆದು ಜೋಡಿಸಿಡಿ. ತೂತುಗಳೆಲ್ಲ ನಡುವಿಗೆ ಬಂದು ಗುಂಪಾದ ಮೇಲೆ ಟೈಮರ್ ಕೇಳೋಕೆ ಬನ್ನಿ, ನಾನೇ ಜೊತೆಗೆ ಬಂದು ಕೊಡಿಸ್ತೀನಿ.